ಕಾರ್ಡ್ ಕೆಲಸ, ಆರನೇ ವಾರ: 12ರಲ್ಲಿ 7 ಆಯ್ತು

ಹನ್ನೆರಡು ಗ್ರೀಟಿಂಗ್ ಕಾರ್ಡ್ ಮಾಡ್ತೀನಿ ಅಂತ ಹೊರಟವಳು, ಈಗ ಏಳು ರೆಡಿ ಇದೆ. ಅದರಲ್ಲಿ ಮುಜುಗರ ಇಲ್ದೆ ಯಾರಿಗಾದ್ರೂ ಕೊಡಬಹುದಾದ್ದು ಐದು.

ಮೊದಲೆರಡು ವಾರ ಏನೂ ಆಗ್ಲಿಲ್ಲ ಬಿಡಿ. ಭಾನುವಾರ ಪೂರ್ತಿ ಕೂತು ಮುಗಿಸ್ತೀನಿ ಅಂದ್ಕೊಂಡಿದ್ದೆ, ಯಾವ ಭಾನುವಾರ ಪೂರ್ತಿ ನಮ್ಮ ಕೈಗೆ ಸಿಗುತ್ತೆ? ರಾತ್ರಿ ಮಗಳು ಮಲಗಿದ್ಮೇಲೆ ಅರ್ಧ ಗಂಟೆ ಇರುತ್ತೆ, ಆದ್ರೆ ಕಟ್ಟರ್ ಎಲ್ಲಿ ಸ್ಕೇಲ್ ಎಲ್ಲಿ ಅಂತ ಹುಡ್ಕೋಕೇ ಹತ್ತು ನಿಮಿಷ, ಎಲ್ಲಾ ಎತ್ತಿಡೋಕೆ ಇನ್ನೊಂದು ಹತ್ತು, ಮಧ್ಯೆ ಉಳಿದಿದ್ರಲ್ಲಿ ಒಂದಂಚು ಕತ್ತರಿಸೋ ಹೊತ್ತಿಗೆ ಆಕಳಿಕೆ ಶುರು. ಹಾಗಾಗಿ ಮೂರನೇ ವಾರ ಒಂದು ದೊಡ್ಡ ಟ್ರೇ ತಗೊಂಡು ಮ್ಯಾಟ್, ಕಟ್ಟರ್, ಅಂಟು, ಅರ್ಧ ಆಗಿರೋ ಕಾರ್ಡು ಎಲ್ಲಾ ಅದರಲ್ಲೇ ಹಾಕ್ಬಿಟ್ಟೆ. ಈಗ ಎತ್ತಿಡೋದು ಅಂದ್ರೆ ಟ್ರೇನ ಬೀರು ಮೇಲೆ ಇಡೋದು, ಅಷ್ಟೇ. ಜೊತೆಗೆ ಒಂದೊಂದೇ ಕಾರ್ಡ್ ಹಿಡ್ಕೊಂಡು ಮುಗಿಸೋದನ್ನೂ ಬಿಟ್ಟೆ. ಒಂದಿನ ಬರೀ ಕತ್ತರಿಸೋದು, ಒಂದಿನ ಬರೀ ಮಡಿಕೆಗೆ ಗೀರು ಹಾಕೋದು. ತುಂಬಾ ಸುಸ್ತಾಗಿದ್ರೆ ಬ್ಲೇಡ್ ಮುಟ್ಟಲ್ಲ, ಪಂಚ್‌ನಲ್ಲಿ ಹೂವು ಒತ್ತಿ ಡಬ್ಬಿಗೆ ಹಾಕೋದು ಮಾತ್ರ (ಈ ನಿಯಮ ಹೇಗೆ ಬಂತು ಅಂತ ನನ್ನ ತೋರುಬೆರಳನ್ನ ಕೇಳಿ).

ಒಟ್ಟಿಗೆ ಮಾಡಿದ್ರೆ ತಪ್ಪೂ ಒಟ್ಟಿಗೇ ಆಗುತ್ತೆ ಅನ್ನೋದು ಮಾತ್ರ ಹೊಳೆದಿರ್ಲಿಲ್ಲ. 250 ಜಿಎಸ್‌ಎಂ (ಅಂದ್ರೆ ದಪ್ಪನೆಯ) ಎ4 ಹಾಳೆನ ಉದ್ದುದ್ದಕ್ಕೆ ಸೀಳಿ, 105 × 297 ಮಿಮೀ ಪಟ್ಟಿ ಮಾಡ್ಕೊಂಡು ಮಧ್ಯಕ್ಕೆ ಮಡಚಿದೆ. ಅಳತೆ ಎ6 (ಎ4ರ ಕಾಲು ಭಾಗ), ಆ ಅಳತೆಗೇ ಬರೋ ಸಿ6 ಕವರ್‌ಗೆ ಸರಿಯಾಗೇ ಕೂರುತ್ತೆ. ಆದ್ರೆ ಹಾಗೆ ಒಟ್ಟಿಗೆ ಮಾಡಿದ ಆರೂ ಕಾರ್ಡ್ ಮಡಿಕೆಯಲ್ಲಿ ಬಿರುಕು ಬಿಟ್ಟು ಒಳಗಿನ ಬಿಳಿ ಕಾಣ್ತಿತ್ತು! ಗೀರು ಸರಿ ಇಲ್ವೇನೋ ಅಂತ ಇಂಕ್ ಮುಗಿದ ಬಾಲ್ ಪೆನ್ನಲ್ಲಿ ಇನ್ನೂ ಒತ್ತಿ ಎಳೆದೆ, ಮತ್ತೂ ಕೆಟ್ಟೋಯ್ತು. ಆಮೇಲೆ ಗೊತ್ತಾಯ್ತು, ತಪ್ಪಿರೋದು ಗ್ರೇನ್‌ದು, ಅಂದ್ರೆ ಪೇಪರ್ ಒಳಗಿನ ನಾರು ಓಡೋ ದಿಕ್ಕಿಂದು. ನನ್ನ ಹಾಳೆಲಿ ನಾರು ಉದ್ದಕ್ಕೆ ಓಡುತ್ತೆ, ನಾನು ಅದಕ್ಕೆ ಅಡ್ಡಡ್ಡ ಮಡಚ್ತಾ ಇದ್ದೆ. ಅದೇ ಹಾಳೆನ ಅಡ್ಡಕ್ಕೆ ಎರಡು ಭಾಗ ಮಾಡಿ, 210 ಮಿಮೀ ಬದೀನ ಅರ್ಧಕ್ಕೆ ಮಡಚಿದ್ರೆ ಬರೋದು ಅದೇ ಎ6, ಮಡಿಕೆ ಮಾತ್ರ ನಾರಿನ ಜೊತೆಗೇ ಹೋಗುತ್ತೆ, ಬೆಣ್ಣೆ ಥರ ಮಡಚ್ಕೊಳ್ಳುತ್ತೆ. ಈಗ ಹೊಸ ಹಾಳೆ ಬಂದ್ರೆ ಮೊದಲು ಎರಡೂ ಕಡೆಗೆ ಮೆಲ್ಲಗೆ ಬಗ್ಗಿಸಿ ನೋಡ್ತೀನಿ, ಸುಲಭವಾಗಿ ಬಗ್ಗೋ ಕಡೆಗೇ ಮಡಿಕೆ. ಬಿರುಕು ಬಿಟ್ಟ ಆರರಲ್ಲಿ ಎರಡಕ್ಕೆ ಮೇಲೆ ರಿಬ್ಬನ್ ಅಂಟಿಸಿ ಮುಚ್ಚಿದೆ, ಮುಜುಗರದ ಎರಡು ಅವೇ. ಉಳಿದ ನಾಲ್ಕು ಮಗಳ ಪೇಂಟಿಂಗ್‌ಗೆ ಹೋಯ್ತು.

ಅಂಟಿನ ವಿಷಯಕ್ಕೆ ಬಂದ್ರೆ, ಬಿಳಿ ಅಂಟಲ್ಲಿ ನೀರಿರುತ್ತಲ್ಲ, ತೆಳು ಪೇಪರ್ ಸೊಟ್ಟ ಆಗುತ್ತೆ, ಒಣಗೋವರೆಗೂ ಕಾಯ್ಬೇಕು. ಎರಡೂ ಕಡೆ ಅಂಟೋ ಡಬಲ್ ಟೇಪ್‌ಗೆ ಬದಲಾಯಿಸಿದೆ. ಅಂಟಿಸಿದ ತಕ್ಷಣ ಟ್ರೇ ಮೇಲಕ್ಕೆ.

ಈ ವಾರ ಮೊದಲ ಪಾಪ್‌ಅಪ್, ಅಂದ್ರೆ ತೆರೆದ್ರೆ ಒಳಗಿಂದ ಚಿತ್ರ ಎದ್ದು ನಿಲ್ಲೋ ಕಾರ್ಡ್. ಒಳಗಿನ ಹಾಳೆನ ಮಡಚಿ, ಮಡಿಕೆ ಕಡೆಯಿಂದ 3 ಸೆಂಮೀ ಉದ್ದದ ಎರಡು ಸೀಳು ಹಾಕಿ ಒಳಕ್ಕೆ ತಳ್ಳಿದ್ರೆ ಪುಟ್ಟ ಮೆಟ್ಟಿಲು ಏಳುತ್ತೆ, ಅದರ ಮುಖಕ್ಕೆ 9 ಸೆಂಮೀ ಎತ್ತರದ ಮರ ಅಂಟಿಸಿದೆ. ತೆರೆದಾಗ ಎಷ್ಟು ಚೆಂದ ಅಂತೀರ! ಮುಚ್ಚಿದ್ರೆ ಮರದ ತಲೆ ಒಂದೂವರೆ ಸೆಂಮೀ ಆಚೆ. ಮೆಟ್ಟಿಲಿನ ಬುಡವೇ ಮಡಿಕೆಯಿಂದ 3 ಸೆಂಮೀ ದೂರ ಇರುತ್ತಲ್ಲ, ಅದಕ್ಕೆ 9 ಸೇರಿದ್ರೆ 12, ಕಾರ್ಡ್ ಅಗಲ 10.5. ಅಂದ್ರೆ ಮರ ಏಳೂವರೆಗಿಂತ ಎತ್ತರ ಇರಬಾರ್ದು. ಕೊನೆಗೆ ತಲೆ ಕತ್ತರಿಸಿ ಪೊದೆ ಮಾಡಿದೆ, ನಮ್ಮನೆಯವರು ಅದನ್ನ ಹೂಕೋಸು ಅಂದ್ರು.

ಟ್ರೇಲಿ ಈಗ ಗೀರು ಹಾಕಿರೋ ಐದು ಕಾರ್ಡ್ ಇದೆ. ನಾಳೆ ಕಟ್ಟರ್ ಬ್ಲೇಡಿನ ಮೊಂಡು ತುದಿ ಮುರಿದು ಹೊಸದು ಮಾಡ್ಕೊಬೇಕು, ಮರ ಕತ್ತರಿಸುವಾಗ್ಲೇ ಪೇಪರ್ ಹರೀತಿತ್ತು.