ಶಂಕರಪುರದ ಮಲ್ಲಿಗೆಯಿಂದ ಕಾಪುವಿನ ಕಡಲಿಗೆ

ಏಪ್ರಿಲ್, ಮೇ ತಿಂಗಳಲ್ಲಿ ಉಡುಪಿಗೆ ಬರುವವರಲ್ಲಿ ಹೆಚ್ಚಿನವರು ಬೆಳಗ್ಗೆ ಒಂಬತ್ತಕ್ಕೆ ಕೋಣೆ ಬಿಟ್ಟು, ನಡುಹಗಲ ಬಿಸಿಲಿಗೆ ರಥಬೀದಿಯಲ್ಲಿ ಸಿಕ್ಕಿಕೊಂಡು, ಮೂರು ಗಂಟೆಗೆ ಮಲ್ಪೆಯ ಕಾದ ಮರಳು ತುಳಿದು ಸುಸ್ತಾಗಿ ಹಿಂದಿರುಗುತ್ತಾರೆ. ಆಮೇಲೆ ಕರಾವಳಿಯ ಸೆಕೆಯನ್ನು ಬೈಯುತ್ತಾರೆ. ಈ ಸೀಮೆಯ ಬೇಸಿಗೆಗೆ ಅದರದೇ ಹೊತ್ತುಗೊತ್ತಿದೆ. ಅದನ್ನು ತಿಳಿಯಲು ಮಲ್ಲಿಗೆಯ ಹಿಂದೆ ಹೋದರೆ ಸಾಕು. ಮೊಗ್ಗು ಬಿಡಿಸುವ ಹೊತ್ತಿಗೆ ಎದ್ದು, ಬಿಸಿಲೇರುವ ಮೊದಲು ತಿಂಡಿ ಮುಗಿಸಿ, ಮಧ್ಯಾಹ್ನ ನೆರಳಲ್ಲಿದ್ದು, ಮೊಗ್ಗು ಬಿರಿಯುವ ಸಂಜೆಗೆ ಕಡಲ ಬದಿ ಸೇರಬೇಕು. ಉಡುಪಿ ಮಲ್ಲಿಗೆ ಮೈತುಂಬ ಹೂಬಿಡುವುದು ಮಾರ್ಚ್‌ನಿಂದ ಮೇವರೆಗೆ, ನಾವು ಬೈಯುವ ಅದೇ ಸೆಕೆಯಲ್ಲಿ.

ಈ ಮಲ್ಲಿಗೆಯ ಊರು ಶಂಕರಪುರ, ಅಲ್ಲಿಗೆ ದಾರಿ ಸುಲಭ. ಉಡುಪಿಯಿಂದ ಮಂಗಳೂರು ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 10 ಕಿ.ಮೀ. ಬಂದರೆ ಕಟಪಾಡಿ. ಅಲ್ಲಿಂದ ಪೂರ್ವಕ್ಕೆ ಶಿರ್ವದ ರಸ್ತೆ ಹಿಡಿದರೆ ಶಂಕರಪುರ, ಪಶ್ಚಿಮಕ್ಕೆ ತಿರುಗಿದರೆ ಮಟ್ಟು, ಹೆದ್ದಾರಿಯಲ್ಲೇ ತೆಂಕಕ್ಕೆ ಮುಂದುವರಿದರೆ ಕಾಪು. ಹಗಲಲ್ಲಿ ಬಸ್ಸಿಗೆ ಕೊರತೆಯಿಲ್ಲ. ಬೆಳಕು ಹರಿಯುವ ಹೊತ್ತಿಗೆ ತೋಟದಲ್ಲಿರಬೇಕಾದರೆ ಮಾತ್ರ ಹಿಂದಿನ ರಾತ್ರಿಯೇ ರಿಕ್ಷಾದವರಿಗೆ ಹೇಳಿಡುವುದು ಒಳ್ಳೆಯದು.

ಶಂಕರಪುರದಲ್ಲಿ ಟಿಕೆಟ್ ಕೊಟ್ಟು ನೋಡುವ ತೋಟಗಳಿಲ್ಲ. ಮನೆಯಂಗಳದ ಪಕ್ಕದಲ್ಲೋ ತೆಂಗಿನ ತೋಟದ ಅಂಚಿನ ಬಯಲಿನಲ್ಲೋ ಹತ್ತು, ಐವತ್ತು, ನೂರು ಗಿಡ ಇರುತ್ತವೆ. ಕೇಳಿಕೊಂಡೇ ಒಳಗೆ ಹೋಗಬೇಕು. ಬೆಳಗಿನ ಎರಡು ಮೂರು ಗಂಟೆ ಆ ಮನೆಯವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಹಾಗಾಗಿ ಬದಿಯಲ್ಲಿ ನಿಂತು ನೋಡುವುದು, ಅವರಾಗಿ ಕರೆದರೆ ಕೈಜೋಡಿಸುವುದು ಮರ್ಯಾದೆ.

ಬಿಡಿಸುವುದು ಮೊಗ್ಗನ್ನು, ಅರಳಿದ ಹೂವನ್ನಲ್ಲ. ಚೆನ್ನಾಗಿ ದಪ್ಪಗಾಗಿ, ಹಸಿರು ಹೋಗಿ ಬೆಳ್ಳಗಾಗಿ, ಇನ್ನೂ ಬಾಯಿ ಬಿಡದ ಮೊಗ್ಗು ಆ ದಿನದ್ದು. ತುದಿಯಲ್ಲಿ ಹಸಿರು ಉಳಿದಿದ್ದರೆ ನಾಳೆಗೆ ಬಿಡಬೇಕು. ಇಂದೇ ಕಿತ್ತರೆ ಅದು ಸಂಜೆಗೆ ಅರಳದೆ ಹಾಗೆಯೇ ಬಾಡುತ್ತದೆ. ತೊಟ್ಟಿನ ಬುಡದಲ್ಲಿ ಉಗುರು ತಾಗಿಸಿ ಮೇಲಕ್ಕೆ ಚಿವುಟಬೇಕು. ಎಳೆದರೆ ಪಕ್ಕದ ಎಳೆ ಮೊಗ್ಗೂ ಜೊತೆಗೆ ಬಂದುಬಿಡುತ್ತದೆ, ಒಂದೇ ಗೊಂಚಲಿನಲ್ಲಿ ಮೂರು ದಿನಗಳ ಮೊಗ್ಗುಗಳು ಇರುತ್ತವೆ. ಬಿಸಿಲೇರಿದ ಮೇಲೆ ಬಿಡಿಸಿದ ಮೊಗ್ಗು ಬೇಗ ಸೊರಗುತ್ತದೆ, ಆದ್ದರಿಂದಲೇ ಈ ಅವಸರ.

ಗಿಡಗಳನ್ನು ಹತ್ತಿರದಿಂದ ನೋಡಿದರೆ ವರ್ಷಪೂರ್ತಿ ಮಾಡಿದ ಕೆಲಸ ಕಾಣುತ್ತದೆ. ನೆಲ ಮುರಕಲ್ಲಿನದು, ನೀರು ನಿಲ್ಲುವುದಿಲ್ಲ, ಸತ್ವವೂ ನಿಲ್ಲುವುದಿಲ್ಲ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಗೆ ಹಟ್ಟಿಗೊಬ್ಬರ, ಸುಡುಮಣ್ಣು ತುಂಬಿ, ಗಿಡದಿಂದ ಗಿಡಕ್ಕೆ ಐದಾರು ಅಡಿ ಬಿಟ್ಟು ನೆಡುತ್ತಾರೆ. ಹತ್ತಿರ ನೆಟ್ಟರೆ ಗಿಡದ ನಡುವೆ ಗಾಳಿಯಾಡದೆ ಮಳೆಗಾಲದಲ್ಲಿ ಎಲೆಚುಕ್ಕೆ ಹತ್ತುತ್ತದೆ, ಬಿಡಿಸಲು ನಡೆದಾಡುವವರಿಗೂ ಜಾಗವಿರುವುದಿಲ್ಲ. ಮಳೆ ಹಿಂದೆ ಸರಿದು ನೆಲ ಒಣಗಿದ ಮೇಲೆ ಗೆಲ್ಲು ಸವರುವ ಕೆಲಸ. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಿ, ಒಣಗಿದ್ದನ್ನೂ ಒಳಗೆ ಹೆಣೆದುಕೊಂಡದ್ದನ್ನೂ ತೆಗೆಯುತ್ತಾರೆ. ಮಲ್ಲಿಗೆ ಹೂಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆ ಗೆಲ್ಲನ್ನು ಅಯ್ಯೋ ಪಾಪ ಎಂದು ಉಳಿಸಿಕೊಂಡವರಿಗೆ ಬೇಸಿಗೆಯಲ್ಲಿ ಸಿಗುವುದು ಎಲೆ ಮಾತ್ರ. ನಗರದ ತಾರಸಿಗಳಲ್ಲಿ ಹೂಬಿಡದೆ ನಿಂತ ಎಷ್ಟೋ ಗಿಡಗಳಿಗೆ ಬೇರೆ ರೋಗವೇ ಇರುವುದಿಲ್ಲ, ಕತ್ತರಿ ಕಂಡಿರುವುದಿಲ್ಲ ಅಷ್ಟೆ.

ಸವರಿದ ಮೇಲೆ ಬುಡ ಬಿಡಿಸಿ ಗೊಬ್ಬರ. ನೆಲಗಡಲೆ ಹಿಂಡಿ 1 ಕಿಲೋವನ್ನು 10 ಲೀಟರ್ ನೀರಿನಲ್ಲಿ ಮೂರು ನಾಲ್ಕು ದಿನ ಕೊಳೆಸಿ, ಆ ನೀರಿಗೆ ಹತ್ತರಷ್ಟು ನೀರು ಸೇರಿಸಿ ಬುಡಕ್ಕೆ ಹಾಕಬಹುದು. ಗಟ್ಟಿಯಾಗಿಯೇ ಸುರಿದರೆ ಬೇರು ಸುಡುತ್ತದೆ. ಒಲೆಯ ಬೂದಿ ಮೊಗ್ಗಿಗೆ ಒಳ್ಳೆಯದು. ಯೂರಿಯಾ ಹೆಚ್ಚಾದರೆ ಗಿಡ ಕಪ್ಪು ಹಸಿರಾಗಿ ಸೊಕ್ಕುತ್ತದೆ, ಮೊಗ್ಗು ಕಡಿಮೆಯಾಗುತ್ತದೆ.

ಬೇಸಿಗೆಯ ದೊಡ್ಡ ಕಾಟ ಮೊಗ್ಗುಹುಳು. ಮೊಗ್ಗಿನ ಬದಿಯಲ್ಲಿ ಸಣ್ಣ ತೂತು, ಸುತ್ತ ನೇರಳೆ ಬಣ್ಣ ಕಂಡರೆ ಒಳಗೆ ಹುಳು ಇದೆ ಎಂದರ್ಥ. ಅಂಥವನ್ನು ಕಿತ್ತು ನೆಲಕ್ಕೆ ಎಸೆಯಬಾರದು. ಹುಳು ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ಬರುತ್ತದೆ, ಸುಟ್ಟುಬಿಡಬೇಕು. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆಯನ್ನು ಚೂರು ಸಾಬೂನು ಕರಗಿಸಿ ಬೆರೆಸಿ ಇಳಿಹೊತ್ತಿನಲ್ಲಿ ಸಿಂಪಡಿಸಬೇಕು. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಎಲೆಯ ಹಿಂಬದಿಯಲ್ಲಿ ಸಣ್ಣ ಬಲೆ ಕಟ್ಟಿ ಕೂತ ನುಸಿಗೆ ನೀರನ್ನೇ ಜೋರಾಗಿ ಹಾಯಿಸಿದರೂ ಬಹುಮಟ್ಟಿಗೆ ಸಾಕು.

ಏಳು ಗಂಟೆಯ ಮೇಲೆ ಎಲ್ಲರೂ ಜಗಲಿ ಸೇರುತ್ತಾರೆ. ಇನ್ನು ಕಟ್ಟುವ ಸರದಿ. ದಾರಕ್ಕೆ ಇಲ್ಲಿ ಒಣಗಿಸಿದ ಬಾಳೆನಾರು, ನೀರಲ್ಲಿ ನೆನೆಸಿ ಸಪೂರವಾಗಿ ಸೀಳಿದ್ದು. ನೂಲು ತೊಟ್ಟನ್ನು ಕೊಯ್ಯುತ್ತದೆ, ನಾರು ಕೊಯ್ಯುವುದಿಲ್ಲ, ಅದರ ತಂಪೂ ಹೂವಿಗೆ ಹಿತ. ಲೆಕ್ಕ ಹೀಗೆ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯಲ್ಲಿ 3,200 ಮೊಗ್ಗು, ಪ್ರತಿಯೊಂದೂ ಬೆರಳ ತುದಿಯಲ್ಲಿ ಹಾದುಹೋದದ್ದು. ಮಾತಾಡುತ್ತಲೇ ಕಟ್ಟುವ ಹೆಂಗಸರ ಲೆಕ್ಕ ತಪ್ಪುವುದಿಲ್ಲ. ಕಟ್ಟಿದ್ದು ಊರಿನ ಮಲ್ಲಿಗೆ ಕಟ್ಟೆಗೆ ಹೋಗುತ್ತದೆ, ಆ ದಿನದ ದರ ಅಲ್ಲೇ ನಿರ್ಧಾರವಾಗುತ್ತದೆ. ಹೂ ಕಡಿಮೆಯಿರುವ ಮಳೆ, ಚಳಿಯ ದಿನಗಳಲ್ಲಿ ಅಟ್ಟೆಗೆ ಎರಡು ಸಾವಿರ ದಾಟುವುದೂ ಇದೆ. ಬೇಸಿಗೆಯಲ್ಲಿ ಹೂ ತುಂಬಿದಾಗ ಇಳಿಯುತ್ತದೆ, ಮದುವೆ, ದೈವಗಳ ನೇಮ ಒಟ್ಟಿಗೆ ಬಿದ್ದ ದಿನ ಮತ್ತೆ ಏರುತ್ತದೆ. ಭೌಗೋಳಿಕ ಸೂಚಕದ (ಜಿಐ ಟ್ಯಾಗ್) ಮಾನ್ಯತೆ ಇರುವ ಹೂವಿದು. ಆ ಮಾನ್ಯತೆಯ ಹಿಂದೆ ಇಷ್ಟೊಂದು ಕೈಗಳ ದುಡಿಮೆ ಇದೆ ಎಂದು ಕಂಡ ಮೇಲೆ ಚೌಕಾಸಿ ಮಾಡಲು ಮನಸ್ಸಾಗುವುದಿಲ್ಲ. ಒಂದು ಚೆಂಡು ಕೊಂಡು, ಬಾಳೆಲೆಯಲ್ಲಿ ಸುತ್ತಿಸಿಕೊಳ್ಳಿ. ನೀರು ಚಿಮುಕಿಸಬೇಡಿ, ಒದ್ದೆಯಾದ ಮೊಗ್ಗು ಕಂದುತ್ತದೆ.

ಎಂಟೂವರೆಗೆಲ್ಲ ಉಡುಪಿಗೆ ಮರಳಿದರೆ ತಿಂಡಿಗೆ ಸರಿಯಾದ ಹೊತ್ತು. ರಥಬೀದಿಯ ಮಿತ್ರಸಮಾಜದಂಥ ಹಳೆಯ ಹೋಟೆಲಿನಲ್ಲಿ ಬನ್ಸ್ ಬಿಸಿಯಾಗಿರುವಾಗಲೇ ತಿನ್ನಬೇಕು. ಒಳ್ಳೆಯ ಬನ್ಸಿನ ಹೊರಮೈ ಕಂದು, ಮುರಿದಾಗ ಒಳಗೆ ಜಾಳಿಜಾಳಿ, ಬಾಳೆಹಣ್ಣಿನ ಪರಿಮಳ, ನಡುನಡುವೆ ಜೀರಿಗೆ. ಮನೆಯಲ್ಲಿ ಮಾಡುವವರಿಗೆ ಅಳತೆ ಇದು: ಸಿಪ್ಪೆ ಕಪ್ಪಾಗುವಷ್ಟು ಕಳಿತ ಎರಡು ಬಾಳೆಹಣ್ಣು, ಎರಡು ದೊಡ್ಡ ಚಮಚ ಸಕ್ಕರೆ, ಮೂರು ಚಮಚ ಹುಳಿಮೊಸರು, ಕಾಲು ಚಹಾ ಚಮಚ ಸೋಡಾ, ಉಪ್ಪು, ಜೀರಿಗೆ, ಇವನ್ನು ಕಿವುಚಿ, ಅದು ಹಿಡಿಯುವಷ್ಟು ಮೈದಾ, ಸುಮಾರು ಎರಡು ಲೋಟ. ಬೇರೆ ನೀರು ಬೇಡ. ಚಳಿಯಲ್ಲಿ ರಾತ್ರಿಯಿಡೀ ಇಡುವ ಹಿಟ್ಟಿಗೆ ಕರಾವಳಿಯ ಏಪ್ರಿಲ್‌ನಲ್ಲಿ ನಾಲ್ಕು ಗಂಟೆ ಸಾಕು, ಹೆಚ್ಚಾದರೆ ಹುಳಿ ಬಂದು ಅಂಟುತ್ತದೆ. ಪೂರಿಗಿಂತ ದಪ್ಪ ಲಟ್ಟಿಸಬೇಕು, ತೆಳ್ಳಗಾದರೆ ಜಾಳಿ ಏಳುವುದಿಲ್ಲ. ಎಣ್ಣೆ ಸಾಕಷ್ಟು ಕಾಯದಿದ್ದರೆ ಬನ್ಸ್ ಎಣ್ಣೆ ಕುಡಿಯುತ್ತದೆ, ತೀರಾ ಕಾದರೆ ಸಕ್ಕರೆಯಿಂದಾಗಿ ಹೊರಗೆ ಕರಿದಾಗಿ ಒಳಗೆ ಹಸಿ ಉಳಿಯುತ್ತದೆ.

ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಅನ್ನ, ಮಟ್ಟುಗುಳ್ಳದ ಕೊದ್ದೆಲ್ (ತೆಂಗಿನಕಾಯಿ ಅರೆದ ಹುಳಿ) ಸಿಗುವಲ್ಲಿ ಉಣ್ಣಬೇಕು. ಗುಳ್ಳವೆಂದರೆ ಹಸಿರು ಮೈಗೆ ಬಿಳಿ ಗೆರೆಯಿರುವ, ತೊಟ್ಟಿನಲ್ಲಿ ಮುಳ್ಳಿರುವ ಗುಂಡು ಬದನೆ. ಮಟ್ಟುವಿನ ಗದ್ದೆಯದಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ಬಂತು. ಬೀಜವನ್ನು ವಾದಿರಾಜರು ಕೊಟ್ಟರೆಂಬುದು ಊರಿನ ನಂಬಿಕೆ. ಸಿಪ್ಪೆ ತೆಳು, ಬೇಗ ಬೇಯುತ್ತದೆ, ಆದ್ದರಿಂದ ಮಸಾಲೆ ಅರೆದಿಟ್ಟುಕೊಂಡೇ ಹೋಳು ಬೇಯಿಸಲು ಇಡಬೇಕು. ಊಟದ ಕೊನೆಗೆ ಪುನರ್ಪುಳಿ (ಕೋಕಂ) ಸಾರನ್ನು ಲೋಟದಲ್ಲಿ ಕುಡಿದರೆ ಸೆಕೆಗೆ ಅದಕ್ಕಿಂತ ಮದ್ದಿಲ್ಲ. ಗಡ್‌ಬಡ್ ಐಸ್‌ಕ್ರೀಮಿನ ಆಸೆಯಿದ್ದರೆ ಊಟವಾದ ಕೂಡಲೇ ಬೇಡ. ಉದ್ದನೆಯ ಗಾಜಿನ ಲೋಟದಲ್ಲಿ ಹಣ್ಣು, ಜೆಲ್ಲಿ, ಬೀಜ, ಪದರ ಪದರ ಐಸ್‌ಕ್ರೀಮ್ ಸೇರಿದಾಗ ಅದೇ ಅರ್ಧ ಊಟ. ಮೂರು ಗಂಟೆಗೆ ಸರಿ. ಅಲ್ಲಿಯ ತನಕ ಫ್ಯಾನಿನ ಕೆಳಗೆ ಮಲಗುವುದು ಸೋಮಾರಿತನವಲ್ಲ, ಊರಿಗೆ ಊರೇ ಹಾಗೆ ಮಾಡುತ್ತದೆ.

ಮೂರೂವರೆಗೆ ಹೊರಟು ಮಲ್ಪೆಯ ಸೇತುವೆ ದಾಟಿ ಪಡುಕೆರೆಗೆ ಬನ್ನಿ. ಅಲ್ಲಿಂದ ಮಟ್ಟುವಿನ ತನಕ ಕಿರಿದಾದ ರಸ್ತೆ, ಬಲಕ್ಕೆ ಕಡಲು, ಎಡಕ್ಕೆ ತೆಂಗಿನ ಸಾಲಿನಾಚೆ ಹೊಳೆ. ಬಸ್ಸಿನಲ್ಲಿ ಬಂದವರಿಗೆ ಈ ಭಾಗಕ್ಕೆ ರಿಕ್ಷಾ ಬೇಕು. ನಡುವೆ ಎಲ್ಲಾದರೂ ತೆಂಗಿನ ನೆರಳಲ್ಲಿ ಕೂತುಬಿಡಬೇಕು. ಬೆಳಗ್ಗೆ ನೆಲದಿಂದ ಕಡಲಿಗೆ ಬೀಸುವ ಗಾಳಿ ನಡುಹಗಲ ಹೊತ್ತಿಗೆ ನಿಂತು, ನೆಲ ಕಾದ ಮೇಲೆ ಕಡಲಿನಿಂದ ಒಳಕ್ಕೆ ಬೀಸುತ್ತದೆ. ಗಾಳಿ ನಿಂತ ಆ ನಡುವಿನ ಹೊತ್ತೇ ಅತಿ ಸೆಕೆಯದು, ನಾಲ್ಕರ ಮೇಲೆ ಕಡಲ ಗಾಳಿ ಬಲವಾಗಿರುತ್ತದೆ. ಅಂಗಡಿಗಳ ಗದ್ದಲವಿಲ್ಲದ, ದೋಣಿಗಳನ್ನು ಮರಳಿಗೆ ಎಳೆದಿಟ್ಟ ಈ ದಂಡೆಯಲ್ಲಿ ಒಂದು ಗಂಟೆ ಏನೂ ಮಾಡದೆ ಕೂರುವುದು ಇಡೀ ದಿನದ ಅತ್ಯುತ್ತಮ ಭಾಗ. ಪುಸ್ತಕವೂ ಬೇಡ. ಮನಸ್ಸು ಮೊದಲ ಹತ್ತು ನಿಮಿಷ ಚಡಪಡಿಸುತ್ತದೆ, ಆಮೇಲೆ ಅಲೆಯ ಲೆಕ್ಕಕ್ಕೆ ಒಗ್ಗುತ್ತದೆ. ನೀರಿಗಿಳಿಯಲು ಮಾತ್ರ ಇದು ಜಾಗವಲ್ಲ. ಕಾವಲಿನವರಿಲ್ಲ, ಮೇ ಮಧ್ಯದ ನಂತರ ಕಡಲು ಒರಟಾಗುತ್ತದೆ, ಒಳಸೆಳೆತ ಮೇಲಿಂದ ಕಾಣುವುದಿಲ್ಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ಮಳೆಗಾಲ ಹತ್ತಿರವಾದಾಗ ನಿಲ್ಲುತ್ತವೆ, ದ್ವೀಪ ನೋಡುವವರು ಏಪ್ರಿಲ್‌ನಲ್ಲೇ ಬರಬೇಕು.

ಮಟ್ಟುವಿನಿಂದ ಕಟಪಾಡಿಗೆ ಬಂದು ಕಾಪು ತಲುಪುವಾಗ ಐದೂವರೆ ಆಗಿರಲಿ. ಬಂಡೆಯ ಮೇಲೆ ನಿಂತ ದೀಪಸ್ತಂಭ 1901ರದು. ಒಳಗೆ ಹತ್ತಲು ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ, ಆದ್ದರಿಂದ ಅದನ್ನು ಮೊದಲು ಮುಗಿಸಿ, ಬಂಡೆಯ ಮೇಲೆ ಕೂರಲು ಆಮೇಲೆ ಬನ್ನಿ. ಅಲೆ ತಾಗುವ ಬಂಡೆಗಳು ಪಾಚಿಯಿಂದ ಜಾರುತ್ತವೆ, ಒಣಗಿದ ಬಿಳಿಚು ಬಂಡೆಯನ್ನೇ ಆರಿಸಿಕೊಳ್ಳಿ. ಮೇ ತಿಂಗಳಲ್ಲಿ ಸೂರ್ಯ ಮುಳುಗುವುದು 6.50ರ ಆಸುಪಾಸಿಗೆ. ಬೆಳಗ್ಗೆ ಕೊಂಡ ಚೆಂಡನ್ನು ಆಗ ಬಿಚ್ಚಿದರೆ ಮೊಗ್ಗುಗಳು ಒಂದೊಂದಾಗಿ ಬಾಯಿ ಬಿಡುತ್ತಿರುತ್ತವೆ, ಉಪ್ಪುಗಾಳಿಯ ನಡುವೆಯೂ ಪರಿಮಳ ತಿಳಿಯುತ್ತದೆ. ಈ ಹೂವನ್ನು ಹಗಲಲ್ಲಿ ಮುಡಿದು ಬಾಡಿತೆಂದು ದೂರುವವರು ಅದರ ಹೊತ್ತನ್ನೇ ಕಾಣದವರು.

ಗೆಲ್ಲು ಕೇಳಿ ಪಡೆದು ಬೆಂಗಳೂರಿಗೋ ಮೈಸೂರಿಗೋ ಒಯ್ಯುವವರಿಗೆ ಒಂದು ಮಾತು: ಬೇಸಿಗೆಯಲ್ಲಿ ನೆಟ್ಟ ಕಡ್ಡಿ ಬೇರು ಬಿಡುವ ಮೊದಲೇ ಒಣಗುವುದು ಹೆಚ್ಚು. ತೋಟದವರ ಗುರುತು ಮಾಡಿಕೊಂಡು ಜೂನ್, ಜುಲೈಯಲ್ಲಿ ತರಿಸಿಕೊಳ್ಳಿ. ತೀರಾ ಎಳೆಯದಲ್ಲದ, ತೀರಾ ಬಲಿಯದ, ಮೂರು ನಾಲ್ಕು ಗಿಣ್ಣಿನ, ಗೇಣುದ್ದದ ಕಡ್ಡಿ; ಕೆಳಗಿನ ಎಲೆ ತೆಗೆದು, ಎರಡು ಗಿಣ್ಣು ಮಣ್ಣೊಳಗಿರುವಂತೆ ಓರೆಯಾಗಿ ನೆಡಿ. ಬೇರು ಹಿಡಿಯಲು ಐದಾರು ವಾರ ಬೇಕು. ಕುಂಡ ಒಂದು ಅಡಿಗಿಂತ ಸಣ್ಣದು ಬೇಡ. ಎರಡು ಪಾಲು ಕೆಂಪುಮಣ್ಣಿಗೆ ಒಂದೊಂದು ಪಾಲು ಮರಳು, ಹಟ್ಟಿಗೊಬ್ಬರ, ಅಡಿಯ ತೂತಿಗೆ ಹಂಚಿನ ಚೂರು. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುವ ಜಾಗವೇ ಬೇಕು. ಬಯಲುಸೀಮೆಯ ಚಳಿಗೆ ಹೂ ನಿಂತಾಗ ಗಾಬರಿಯಾಗಿ ಗೊಬ್ಬರ ಸುರಿಯದೆ, ನೀರು ಕಡಿಮೆ ಮಾಡಿ, ಚಳಿ ಇಳಿಯುತ್ತಿದ್ದಂತೆ ಗೆಲ್ಲು ಸವರಿ.