ಕರೆಂಟ್ ಹೋದರೆ ಲೇತ್ ಆಫ್ ಆಯ್ತು ಅಂದ್ಕೋಬೇಡಿ

ದಾವಣಗೆರೆಯ ಟರ್ನರ್‌ಗಳಿಗೆ, ಅಂದರೆ ಲೇತ್ ಮಷಿನ್‌ನಲ್ಲಿ ಲೋಹ ತಿರುಗಿಸಿ ಕಡೆಯುವವರಿಗೆ, ಮಂಡಕ್ಕಿ ಭಟ್ಟಿಯ ಜಾಬ್ ಹೊಸದಲ್ಲ. ಶಾಫ್ಟ್ ತಿರುಗುವ ಕೊಳವೆಯಂಥ ಬುಷ್ ಸವೆದಿದೆ, ಸಂಜೆಯೊಳಗೆ ಬೇಕು, ಇಷ್ಟೇ. ನಾನು ಮೊದಲು ಇದ್ದ ವರ್ಕ್‌ಶಾಪಿನಲ್ಲಿ ಅಂಥದ್ದೇ ಒಂದು ಬುಷ್ ಓಡುತ್ತಿದ್ದಾಗ ಕರೆಂಟ್ ಹೋಯಿತು. ಜಾಬ್, ಅಂದರೆ ಕಡೆಯುವ ತುಂಡನ್ನು, ಹಿಡಿದು ತಿರುಗಿಸುವ ಚಕ್ ನಿಧಾನವಾಗಿ ನಿಂತಿತು. ಹೆಲ್ಪರ್ ಹುಡುಗ ಚುರುಕು, ಸುಮ್ನೆ ಕೂರುವ ಬದಲು ಜಾಬ್ ಬಿಚ್ಚಿ ಅಳತೆ ನೋಡೋಣ ಎಂದು ಚಕ್ ಸಡಿಲಿಸುವ ಕೀ ಹಾಕಿದ. ಸ್ವಿಚ್ ಆನ್ ಆಗಿಯೇ ಇತ್ತು.

ನಾನು ಡ್ರಿಲ್ಲಿಂಗ್ ಮಷಿನ್ ಹತ್ತಿರ ಇದ್ದೆ. ಅವನ ಎರಡೂ ಕೈ ಕೀ ಮೇಲೆ ಕಂಡವು, ಕಣ್ಣು ಸ್ವಿಚ್ ಕಡೆ ಹೋಯಿತು, ‘ಕೈ ಬಿಡೋ!’ ಎಂದು ಕೂಗುತ್ತಲೇ ಮೇನ್ ಸ್ವಿಚ್ ಕಡೆ ಓಡಿದೆ. ಅವನು ಗಾಬರಿಯಾಗಿ ಕೈ ಬಿಟ್ಟು ಹಿಂದೆ ಸರಿದ. ಕೀ ಮಾತ್ರ ಚಕ್‌ನಲ್ಲೇ ಉಳಿಯಿತು. ನಾನು ಮೇನ್ ಮುಟ್ಟುವ ಮೊದಲೇ ಕರೆಂಟ್ ಬಂತು. ಕೀ ಲೇತ್‌ನ ಕೆಳಗಿನ ಬೆಡ್‌ಗೆ ಬಡಿದು, ಹುಡುಗನ ಭುಜದ ಪಕ್ಕದಲ್ಲೇ ಹಾರಿ, ಹಿಂದಿನ ತಗಡಿಗೆ ಹೊಡೆಯಿತು. ತಗಡು ಒಳಕ್ಕೆ ತಗ್ಗಾಯಿತು. ಹುಡುಗನಿಗೆ ಮಾತೇ ಹೊರಡಲಿಲ್ಲ.

ಓನರ್ ಬಂದವರು ಅವನಿಗೇ ಬೈದರು. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ. ಸ್ಟಾರ್ಟರ್ ಕೆಟ್ಟಾಗ ಖರ್ಚು ಯಾಕೆ ಎಂದು ಅದನ್ನು ತೆಗೆಸಿ ಸಾದಾ ಸ್ವಿಚ್ ಹಾಕಿಸಿದ್ದು ಅವರೇ! ಪುಶ್ ಬಟನ್ ಸ್ಟಾರ್ಟರ್ ಒಳಗೆ ಕಾಯಿಲ್ ಇರುತ್ತದೆ. ಕರೆಂಟ್ ಹೋದ ಕೂಡಲೇ ಅದು ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಬಟನ್ ಒತ್ತುವವರೆಗೆ ಮೋಟಾರ್ ಓಡಲ್ಲ. ಸಾದಾ ಸ್ವಿಚ್ ಹಾಗಲ್ಲ, ಆನ್ ಇದ್ದರೆ ಕರೆಂಟ್ ಬಂದ ಕೂಡಲೇ ಓಡಿಸಿಬಿಡುತ್ತದೆ.

ಈಗ ನನ್ನ ಪರಿಚಯದವರೇ ಹಲವರು ಮನೆ ಹಿಂದೆ ಶೆಡ್ ಹಾಕಿ ಹಳೇ ಲೇತ್ ಇಟ್ಟುಕೊಂಡಿದ್ದಾರೆ. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಮುಚ್ಚಿ ಎಷ್ಟೋ ವರ್ಷವಾಯಿತು, ಅಲ್ಲಿ ತಯಾರಾದ ಲೇತ್‌ಗಳಿಗೆ ಇನ್ನೂ ಗಿರಾಕಿ ಇದ್ದಾರೆ. ಮಷಿನ್ ಗಟ್ಟಿ ಇರಬಹುದು. ಆದರೆ ನಾಲ್ಕು ಜನರ ಕೈ ದಾಟಿ ಬಂದ ಮಷಿನ್‌ನ ವೈರಿಂಗ್ ಯಾರು ಏನು ಮಾಡಿರುತ್ತಾರೋ. ಮನೆಯಲ್ಲಿ ಕೂಗಿ ಹೇಳಲು ಪಕ್ಕದಲ್ಲಿ ಯಾರೂ ಇರಲ್ಲ ಅಲ್ವಾ? ಕರೆಂಟ್ ಹೋದರೆ ಮೊದಲು ಸ್ವಿಚ್ ಆಫ್ ಮಾಡಿ, ಆಮೇಲೆ ಚಕ್ ಮುಟ್ಟಿ. ಬಿಗಿ ಮಾಡಿದ ಮೇಲೆ ಕೀಯಿಂದ ಕೈ ತೆಗೆಯುವಾಗ ಕೀ ಕೈಯಲ್ಲೇ ಬರಬೇಕು. ಮನೆಯವರಿಗೆ ಮೇನ್ ಎಲ್ಲಿದೆ ಎಂದು ತೋರಿಸಿಡಿ, ಲೇತ್ ಓಡುವಾಗ ಹಿಂದಿನಿಂದ ಬಂದು ಭುಜ ಮುಟ್ಟಿ ಕರೆಯಬೇಡಿ ಎಂದೂ ಹೇಳಿಡಿ.

ಗ್ಲೌಸ್ ಬೇಡವೇ ಬೇಡ. ಒಂದು ದಾರ ಜಾಬ್‌ಗೆ ಸಿಕ್ಕಿದರೂ ಕೈಯನ್ನೇ ಎಳೆದುಕೊಳ್ಳುತ್ತದೆ. ಉಜ್ಜಿ ನಯ ಮಾಡುವ ಎಮರಿ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು ಹಿಡಿಯುವುದೂ ಹಾಗೇ. ಎಂಎಸ್ (ಮೈಲ್ಡ್ ಸ್ಟೀಲ್) ರಾಡ್‌ನಿಂದ ಉದ್ದುದ್ದ ಬರುವ ಚಿಪ್ಸ್, ಅಂದರೆ ಲೋಹದ ಸಿಪ್ಪೆ, ತೆಗೆಯಲು ಮಷಿನ್ ನಿಲ್ಲಿಸಿ, ಕೊಕ್ಕೆ ಬಳಸಿ.

ಹಳೇ ಲೇತ್ ಕೊಳ್ಳುವ ಮೊದಲು ಚಕ್ ಖಾಲಿ ಮಾಡಿಸಿ, ಜಾಬ್ ಹಿಡಿಯುವ ಜಾಗಳನ್ನು ಪೂರ್ತಿ ಒಳಗೆ ತರಿಸಿ, ಕಡಿಮೆ ಸ್ಪೀಡಿನಲ್ಲಿ ಓಡಿಸಲು ಹೇಳಿ. ದೂರ ನಿಂತು ಮೇನ್ ಆಫ್ ಮಾಡಿಸಿ, ಮತ್ತೆ ಆನ್ ಮಾಡಿಸಿ. ತಾನೇ ತಿರುಗಿತು ಅಂದರೆ ಸ್ಟಾರ್ಟರ್ ದುಡ್ಡನ್ನು ಬೆಲೆಯಲ್ಲಿ ಕಳೆದೇ ಕೊಡಿ. ಅದನ್ನು ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿದ ಮೇಲೆಯೇ ಮೊದಲ ಜಾಬ್ ಹಿಡಿಯಿರಿ.