ನಾಲ್ಕು ಗಂಟೆಯ ಲೆಕ್ಕ

ನಮ್ಮ ತಾಲೂಕಿನ ಬ್ರಾಂಚ್ ಪೋಸ್ಟ್ ಆಫೀಸುಗಳಿಗೆ ಹಳ್ಳಿ ಅಂಚೆ ನೌಕರರ ಸಂಘದ ಕಡೆಯಿಂದ ಒಂದೊಂದು ನೂರು ಪುಟದ ನೋಟ್‌ಬುಕ್ ಹಂಚುತ್ತಿದ್ದೇವೆ. ಅದರಲ್ಲಿ ಬರೆಯಬೇಕಾದ್ದು ಇಷ್ಟೇ. ಬಾಗಿಲು ತೆಗೆದದ್ದು ಎಷ್ಟು ಹೊತ್ತಿಗೆ, ಅಂಚೆ ಬ್ಯಾಗ್ ಬಂದದ್ದು ಎಷ್ಟು ಹೊತ್ತಿಗೆ, ಬಟವಾಡೆಗೆ ಹೊರಟದ್ದು, ವಾಪಸ್ ಬಂದದ್ದು, ಲೆಕ್ಕ ಮುಗಿಸಿದ್ದು. ಆಫೀಸು ಮುಚ್ಚಿದ ಮೇಲೆ ಯಾರಾದರೂ ಮನೆಗೇ ಬಂದು ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆದುಕೊಂಡು ಹೋದರೆ ಅದನ್ನೂ ಬರೆಯಬೇಕು. ಭಾನುವಾರ ಬಂದರೆ ಅದನ್ನೂ.

"ಅಕ್ಕಾ, ಕೆಲಸ ಮಾಡೋದರ ಜೊತೆಗೆ ಅದನ್ನ ಬರೆಯೋದು ಬೇರೆನಾ?" ಅಂತ ಕೆಲವರು ಬೇಜಾರು ಮಾಡಿಕೊಂಡರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅಂಚೆ ಇಲಾಖೆಯ ಹೊರಗಿನವರಿಗೂ ನಮ್ಮ ವಿಷಯ ಗೊತ್ತಾಗಲಿ.

ನಾನು ಮಲೆನಾಡಿನ ಒಂದು ಹಳ್ಳಿಯಲ್ಲಿ ಬಿಪಿಎಂ, ಅಂದರೆ ಬ್ರಾಂಚ್ ಪೋಸ್ಟ್‌ಮಾಸ್ಟರ್. ಸಂಘದ ತಾಲೂಕು ಘಟಕಕ್ಕೆ ಖಜಾಂಚಿ. ಊರಲ್ಲಿ ಎಲ್ಲರೂ "ನಿಮಗೇನಮ್ಮ, ಸೆಂಟ್ರಲ್ ಗೌರ್ಮೆಂಟ್ ಕೆಲಸ" ಅನ್ನುತ್ತಾರೆ. ಆದರೆ ನಾವು ಗ್ರಾಮೀಣ ಡಾಕ್ ಸೇವಕರು. ದೇಶದಲ್ಲಿ ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಜನ ಇದ್ದೇವೆ. ಹಳ್ಳಿಯ ಅಂಚೆ ಅಂತ ನೀವು ನೋಡುವುದೆಲ್ಲ ಹೆಚ್ಚುಕಮ್ಮಿ ನಾವೇ. ಇಲಾಖೆಯ ಕಾಯಂ ನೌಕರರಿಗೆ ಇರುವ ಪಿಂಚಣಿ ನಮಗಿಲ್ಲ. 65 ವರ್ಷ ಆದ ಮೇಲೆ ಒಂದಿಷ್ಟು ಒಟ್ಟು ಮೊತ್ತ ಕೊಟ್ಟು ಕಳಿಸುತ್ತಾರೆ. ರಜೆ ಬೇಕೆಂದರೆ ಬದಲಿ ಜನ ನಾವೇ ಹುಡುಕಿಕೊಡಬೇಕು. ಆಫೀಸಿಗೆ ಜಾಗವನ್ನೂ ನಾವೇ ನೋಡಿಕೊಳ್ಳಬೇಕು. ಅದಕ್ಕೇ ಎಷ್ಟೋ ಊರುಗಳಲ್ಲಿ ಪೋಸ್ಟ್ ಆಫೀಸು ಅಂದರೆ ಯಾರದೋ ಮನೆಯ ಜಗುಲಿ.

ಇದಕ್ಕೆಲ್ಲ ಇಲಾಖೆ ಕೊಡುವ ಕಾರಣ ಒಂದೇ. ನಮ್ಮದು ಪೂರ್ತಿ ದಿನದ ಕೆಲಸ ಅಲ್ಲ, ನಾಲ್ಕು ಗಂಟೆ, ಹೆಚ್ಚೆಂದರೆ ಐದು ಗಂಟೆ. ಪೇ ಸ್ಲಿಪ್ಪಿನಲ್ಲಿ ಬರುವುದು ಟಿಆರ್‌ಸಿಎ, ಗಂಟೆಯ ಲೆಕ್ಕಕ್ಕೆ ಕಟ್ಟಿದ ಭತ್ಯೆ. ನಾಲ್ಕು ಗಂಟೆಯ ಬಿಪಿಎಂಗೆ ಆರಂಭದ ಮೊತ್ತ 12,000 ರೂಪಾಯಿ, ಸಹಾಯಕ ಬಿಪಿಎಂಗೆ 10,000. ಐದು ಗಂಟೆ ಆದರೆ 14,500 ಮತ್ತು 12,000. ಇದರ ಮೇಲೆ ತುಟ್ಟಿಭತ್ಯೆ. ಹಾಗಾಗಿ ನಾವು ಏನೇ ಕೇಳಲಿ, ಪಿಂಚಣಿ ಇರಲಿ, ಗ್ರಾಚ್ಯುಟಿ ಇರಲಿ, ಆರೋಗ್ಯ ವಿಮೆ ಇರಲಿ, ಮಾತು ತಿರುಗಿ ನಾಲ್ಕು ಗಂಟೆಗೇ ಬಂದು ನಿಲ್ಲುತ್ತದೆ. ಆ ನಾಲ್ಕು ಗಂಟೆ ನಿಜವಾ ಅನ್ನುವುದಕ್ಕೆ ನಮ್ಮ ಕೈಯಲ್ಲಿ ಕಾಗದ ಇರಬೇಕು ಅಲ್ವಾ? ಅದಕ್ಕೇ ನೋಟ್‌ಬುಕ್.

ಬೇರೆ ದೇಶಗಳಲ್ಲಿ ಅಂಚೆ ನೌಕರರ ಸಂಘಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಆಡಳಿತದ ಎದುರು ಕೂತು ಒಪ್ಪಂದ ಮಾಡಿಕೊಳ್ಳುತ್ತವೆ. ಎರಡೂ ಕಡೆಯವರು ಸಹಿ ಹಾಕುತ್ತಾರೆ. ನಮಗೆ ಆ ಥರದ ಮೇಜಿಲ್ಲ. ಕಾಯಂ ನೌಕರರಿಗೆ ವೇತನ ಆಯೋಗ ಬರುತ್ತದೆ. ಅದು ಮುಗಿಯುವ ಹೊತ್ತಿಗೆ ನಮಗೆ ಅಂತ ಬೇರೆ ಒಂದು ಸಮಿತಿ ಬರುತ್ತದೆ. ಸಮಿತಿ ಪ್ರಶ್ನಾವಳಿ ಕಳಿಸುತ್ತದೆ, ಕೆಲವು ಊರು ಸುತ್ತುತ್ತದೆ, ಸಂಘಗಳ ಮನವಿ ತೆಗೆದುಕೊಂಡು ವರದಿ ಕೊಡುತ್ತದೆ. ಆ ವರದಿಯಲ್ಲಿ ಏನಿದೆಯೋ ಅದರ ಸುತ್ತಲೇ ಮುಂದಿನ ಹತ್ತು ವರ್ಷದ ಮಾತುಕತೆ. ಅಂದ ಮೇಲೆ ನಮ್ಮ ಮಾತುಕತೆ ಶುರುವಾಗುವುದು ದೆಹಲಿಯಲ್ಲಿ ಇಲಾಖೆಯ ಕೇಂದ್ರ ಕಚೇರಿಯಾದ ಡಾಕ್ ಭವನದಲ್ಲಿ ಅಲ್ಲ, ಸಮಿತಿ ಬರುವುದಕ್ಕೂ ಮೊದಲೇ ನಮ್ಮ ನಮ್ಮ ಜಗುಲಿಗಳಲ್ಲಿ. ಅಲ್ಲಿ ಬರೆದಿಟ್ಟುಕೊಳ್ಳದೇ ಇದ್ದದ್ದು ಆಮೇಲೆ ಯಾವ ವರದಿಗೂ ಹೋಗುವುದಿಲ್ಲ.

ಹಳೆಯ ವರದಿಗಳ ಕಥೆ ಗೊತ್ತಿದ್ದರೆ ಇದು ಅರ್ಥ ಆಗುತ್ತದೆ. 1977ರಲ್ಲಿ ರಾಜಮ್ಮ ಪ್ರಕರಣ ಅಂತ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಆಗ ನಮ್ಮನ್ನು ಇಡಿ ಏಜೆಂಟರು, ಅಂದರೆ ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್, ಇಲಾಖೆಯ ಹೊರಗಿನವರು ಅನ್ನುತ್ತಿದ್ದರು. ಇಡಿಯವರೂ ಸರ್ಕಾರದ ಸಿವಿಲ್ ಹುದ್ದೆಯಲ್ಲೇ ಇದ್ದಾರೆ, ವಿಚಾರಣೆ ಇಲ್ಲದೆ ಸುಮ್ನೆ ಕಿತ್ತುಹಾಕುವ ಹಾಗಿಲ್ಲ ಅಂತ ಕೋರ್ಟ್ ಹೇಳಿತು. 1997ರಲ್ಲಿ ನ್ಯಾಯಮೂರ್ತಿ ತಲ್ವಾರ್ ಸಮಿತಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಎಷ್ಟು ಹೊತ್ತು ಕೆಲಸವೋ ಆ ಪ್ರಮಾಣದಲ್ಲಿ ಕಾಯಂ ನೌಕರರ ಸೌಲಭ್ಯಗಳೂ ಸಿಗಬೇಕು ಅನ್ನುವುದು ಅದರ ಸಾರ. ಮುಖ್ಯವಾದ ಆ ಭಾಗ ಜಾರಿಗೆ ಬರಲೇ ಇಲ್ಲ. ಆಮೇಲೆ ಬಂದ ನಟರಾಜ ಮೂರ್ತಿ ಸಮಿತಿಯಾಗಲಿ, ಕಮಲೇಶ್ ಚಂದ್ರ ಸಮಿತಿಯಾಗಲಿ, ಎರಡರ ಮುಖ್ಯಸ್ಥರೂ ಅಂಚೆ ಮಂಡಳಿಯಿಂದಲೇ ನಿವೃತ್ತರಾದ ಅಧಿಕಾರಿಗಳು. ನ್ಯಾಯಾಧೀಶರೇ ಬೇಕು ಅಂತ ನಮ್ಮ ಹಿರಿಯರು ಪ್ರತಿ ಸಲ ಹಟ ಹಿಡಿಯುವುದು ಇದಕ್ಕೇ. ಹೊರಗಿನಿಂದ ಬಂದು ನೋಡುವವರಿಗೆ ಕಾಣುವುದೇ ಬೇರೆ.

ಕಮಲೇಶ್ ಚಂದ್ರ ವರದಿ 2016ರ ನವೆಂಬರ್‌ನಲ್ಲೇ ಸಲ್ಲಿಕೆಯಾಗಿತ್ತು. ಒಂದೂವರೆ ವರ್ಷ ಕಳೆದರೂ ಜಾರಿಯಾಗಲಿಲ್ಲ. 2018ರ ಮೇ 22ರಿಂದ ದೇಶಾದ್ಯಂತ ಮುಷ್ಕರಕ್ಕೆ ಇಳಿದೆವು. ನಮ್ಮ ರಾಜ್ಯದಲ್ಲಿ ಆಗ ತಾನೇ ಚುನಾವಣೆ ಮುಗಿದು, ಯಾರ ಸರ್ಕಾರ ಅನ್ನುವ ಗಲಾಟೆ. ಟೀವಿಯವರಿಗೆ ಹಳ್ಳಿ ಪೋಸ್ಟ್ ಆಫೀಸಿನ ಬಾಗಿಲು ಮುಚ್ಚಿದ್ದು ಎಲ್ಲಿ ಕಾಣಬೇಕು! ಸಬ್ ಆಫೀಸಿನ ಎದುರು ಶಾಮಿಯಾನ ಹಾಕಿ ಕೂತೆವು. ಅದೇ ಸಮಯಕ್ಕೆ ಮಳೆಯೂ ಹಿಡಿಯಿತು. ಸಂಧ್ಯಾ ಸುರಕ್ಷಾ ಮನಿಯಾರ್ಡರ್ ಕಾಯುತ್ತಿದ್ದ ಅಜ್ಜಿಯರು ನಮ್ಮ ಹತ್ತಿರವೇ ಬಂದು "ಯಾವಾಗ ಕೊಡ್ತೀಯ ಮಗಾ?" ಅಂತ ಕೇಳುತ್ತಿದ್ದರು. ಅವರಿಗೆ ಉತ್ತರ ಹೇಳುವುದೇ ನಮಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಜೂನ್ 6ಕ್ಕೆ ಕೇಂದ್ರ ಸಂಪುಟ ಹೊಸ ಭತ್ಯೆಗೆ ಒಪ್ಪಿಗೆ ಕೊಟ್ಟಿತು. 16 ದಿನದ ಮುಷ್ಕರ ಮುಗಿಯಿತು.

ಆವತ್ತು ಸಿಕ್ಕಿದ್ದು ದೊಡ್ಡದು. ಅದನ್ನು ಸಣ್ಣದು ಅನ್ನುವವರ ಜೊತೆ ನಾನು ಜಗಳ ಆಡುತ್ತೇನೆ. ಅದಕ್ಕೂ ಮೊದಲಿನ ಭತ್ಯೆಯಲ್ಲಿ ಮನೆ ನಡೆಸಿದವರಿಗೆ ಅದರ ಬೆಲೆ ಗೊತ್ತು. ಆದರೆ ವರದಿ ಹೇಳಿದ್ದೆಲ್ಲ ಬರಲಿಲ್ಲ. ಗ್ರಾಚ್ಯುಟಿಯ ಮಿತಿ, ಗುಂಪು ವಿಮೆ, ಮಕ್ಕಳ ಓದಿನ ಭತ್ಯೆ ಎಲ್ಲ ಪುಸ್ತಕದಲ್ಲೇ ಉಳಿಯಿತು. 2016ರ ಜನವರಿಯಿಂದ ಬರಬೇಕಿದ್ದ ಬಾಕಿಯನ್ನೂ ಹೊಸ ದರದಲ್ಲಿ ಕೊಡದೆ ಹಳೆಯ ಭತ್ಯೆಯನ್ನು 2.57ರಿಂದ ಗುಣಿಸಿ ಕೊಟ್ಟರು. 2023ರ ಡಿಸೆಂಬರ್ 12ರಿಂದ ಮತ್ತೊಂದು ಮುಷ್ಕರ ಆಯಿತು. 2024ರ ಮಾರ್ಚ್‌ನಲ್ಲಿ 12, 24, 36 ವರ್ಷ ಸೇವೆ ಆದವರಿಗೆ ವರ್ಷಕ್ಕೆ 4,320, 5,520, 7,200 ರೂಪಾಯಿ ಹೆಚ್ಚುವರಿ ಅಂತ ಯೋಜನೆ ಬಂತು. ವರ್ಷಕ್ಕೆ. ತಿಂಗಳಿಗೆ ಭಾಗಿಸಿದರೆ ಮೊದಲನೆಯದು 360 ರೂಪಾಯಿ.

ಈಗ ಎಂಟನೇ ವೇತನ ಆಯೋಗ ಬಂದಿದೆ. ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅಧ್ಯಕ್ಷರು. 2025ರ ನವೆಂಬರ್‌ನಲ್ಲಿ ಹೊರಬಂದ ಅದರ ಕಾರ್ಯವ್ಯಾಪ್ತಿಯಲ್ಲಿ ನಮ್ಮ ಹೆಸರಿಲ್ಲ. ನಮ್ಮನ್ನೂ ಸೇರಿಸಿ, ಇಲ್ಲದಿದ್ದರೆ ನಿವೃತ್ತ ನ್ಯಾಯಾಧೀಶರ ಸಮಿತಿ ಮಾಡಿ ಅನ್ನುವುದು ಬೇಡಿಕೆ ಪಟ್ಟಿಯ ಮೊದಲ ಸಾಲು. ಈ ಸಾಲಿನ ಬಗ್ಗೆ ನಮ್ಮಲ್ಲಿ ಯಾರದೂ ಎರಡು ಮಾತಿಲ್ಲ.

ಎರಡನೇ ಸಾಲಿಗೆ ಬಂದಾಗ ಮಾತ್ರ ಸಭೆ ಬಿಸಿಯಾಯಿತು. ಎಂಟು ಗಂಟೆ ಕೆಲಸ, ಕಾಯಂ ನೌಕರರ ಸ್ಥಾನ. ಹೊರಗಿನವರಿಗೆ ಇದರಲ್ಲಿ ಜಗಳ ಆಡುವುದು ಏನಿದೆ ಅನ್ನಿಸಬಹುದು. ಇದೆ. ನಮ್ಮ ನೇಮಕದಲ್ಲೇ ಒಂದು ಷರತ್ತು ಇದೆ, ಜೀವನಕ್ಕೆ ಬೇರೆ ಆದಾಯದ ದಾರಿಯೂ ಇರಬೇಕು ಅಂತ. ಹಾಗಾಗಿ ನಮ್ಮಲ್ಲಿ ತೋಟದವರಿದ್ದಾರೆ, ಕಿರಾಣಿ ಅಂಗಡಿಯವರಿದ್ದಾರೆ, ಡೈರಿಗೆ ಹಾಲು ಹಾಕುವವರಿದ್ದಾರೆ. ಒಬ್ಬ ಹಿರಿಯ ಬಿಪಿಎಂ ಎದ್ದು ನಿಂತು, "ಎಂಟು ಗಂಟೆ ಅಂತ ಆದರೆ ನನ್ನ ಅಡಿಕೆ ಕೊಯ್ಲಿಗೆ ಯಾರು ನಿಲ್ಲೋದು? ನನಗೆ ಬೇಡ" ಅಂದರು. ಪಕ್ಕದಲ್ಲೇ ಕೂತಿದ್ದ ಸಹಾಯಕ ಬಿಪಿಎಂ ಹುಡುಗಿ, ಹೋದ ವರ್ಷ ಸೇರಿದವಳು, ಬೇರೆ ಜಿಲ್ಲೆಯಿಂದ ಬಂದು ಇಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ. "ಸರ್, ನನಗೆ ತೋಟ ಇಲ್ಲ, ಇದೊಂದೇ" ಅಂದಳು. ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎರಡೂ ನಿಜ ಅಂತ ಎಲ್ಲರಿಗೂ ಗೊತ್ತಿತ್ತು.

ಎಸ್ಸೆಸ್ಸೆಲ್ಸಿ ಅಂಕದ ಮೇಲೆ ನೇಮಕ ಆಗುವುದರಿಂದ ಈಗ ಬರುವವರು ಹೆಚ್ಚಿನವರು ಚಿಕ್ಕ ವಯಸ್ಸಿನವರು. ತೊಂಬತ್ತೈದರ ಮೇಲೆ ಅಂಕ ತೆಗೆದವರು. ಬೇರೆ ಪರೀಕ್ಷೆ ಪಾಸಾದರೆ ಹೊರಟು ಹೋಗುತ್ತಾರೆ. "ಹೋಗೋರಿಗೆ ಸಂಘ ಯಾಕಕ್ಕಾ?" ಅನ್ನುವ ಪ್ರಶ್ನೆ ಅವರಿಂದ ಬರುವುದು ಸಹಜ. ನಾನು ಅವರನ್ನು ದೂರುವುದಿಲ್ಲ. ಹೊಸದಾಗಿ ಸೇರಿದ ಒಂದು ಹುಡುಗಿಗೆ ಹೆರಿಗೆ ರಜೆ 180 ದಿನ ಇದೆ ಅನ್ನುವುದೇ ಗೊತ್ತಿರಲಿಲ್ಲ. ಇದು ಸಂಘಗಳು ವರ್ಷಗಟ್ಟಲೆ ಕೇಳಿ ಕೇಳಿ ಪಡೆದದ್ದು ಅಂತ ಹೇಳಿದ ಮೇಲೆ ಸದಸ್ಯತ್ವದ ಫಾರಂ ತುಂಬಿದಳು. ಭಾಷಣಕ್ಕಿಂತ ಇಂಥ ಒಂದು ವಿವರ ಜಾಸ್ತಿ ಕೆಲಸ ಮಾಡುತ್ತದೆ.

ಎಂಟು ಗಂಟೆಯ ವಿಷಯಕ್ಕೆ ನಾನು ಸಭೆಯಲ್ಲಿ ಹೇಳಿದ್ದು ಇದು. ಮೊದಲು ಈಗ ನಾವು ಮಾಡುತ್ತಿರುವ ಗಂಟೆ ಎಷ್ಟು ಅಂತ ತೋರಿಸೋಣ. ಯಾರಿಗೆ ಎಷ್ಟು ಹೊತ್ತು ಕೆಲಸ ಇದೆಯೋ ಅಷ್ಟು ಪ್ರಮಾಣದ ಪಿಂಚಣಿ, ಅಷ್ಟು ಪ್ರಮಾಣದ ಸೌಲಭ್ಯ ಕೇಳೋಣ. ಐದು ಗಂಟೆ ಮಾಡುವವರಿಗೆ ಐದರ ಪಾಲು, ಎಂಟು ಮಾಡುವವರಿಗೆ ಪೂರ್ತಿ. ತಲ್ವಾರ್ ಸಮಿತಿ ಹೇಳಿದ್ದೂ ಇದನ್ನೇ. ಇದರಲ್ಲಿ ತೋಟದವರಿಗೂ ಜಾಗ ಇದೆ, ಬಾಡಿಗೆ ಮನೆಯ ಹುಡುಗಿಗೂ ಜಾಗ ಇದೆ. ಎಲ್ಲರೂ ಒಪ್ಪಿದರು ಅಂತ ಹೇಳಲಾರೆ. ಮೇಲಿನ ಘಟಕಗಳು ಎಂಟು ಗಂಟೆಯನ್ನೇ ಮುಂದಿಡುತ್ತವೆ, ಇಡಲಿ. ನಮ್ಮ ತಾಲೂಕಿನ ಮನವಿಯಲ್ಲಿ ಪ್ರಮಾಣದ ಮಾತೂ ಇರಬೇಕು ಅನ್ನುವುದು ನನ್ನ ಹಟ.

ಮೊದಲ ಕಂತಿನ ನೋಟ್‌ಬುಕ್‌ಗಳನ್ನು ಕೂತು ಓದಿದಾಗ ನನಗೇ ಹೊಸ ವಿಷಯಗಳು ಸಿಕ್ಕವು. ನಮ್ಮ ಕಡೆ ಬ್ಯಾಗ್ ಬರುವುದು ಬಸ್ಸಿನಲ್ಲಿ. ಮಳೆಗಾಲದಲ್ಲಿ ಬಸ್ಸು ಎಷ್ಟೊತ್ತಿಗೆ ಬಂದರೆ ಅಷ್ಟೊತ್ತು. ಬಸ್‌ಸ್ಟಾಪಿನಲ್ಲಿ ಬ್ಯಾಗ್ ಕಾಯುವ ಸಮಯ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಒಂಟಿ ಮನೆಗಳ ಊರಲ್ಲಿ ಒಂದು ರಿಜಿಸ್ಟರ್ ಕಾಗದಕ್ಕೆ ಸಂಕ ದಾಟಿ ಗುಡ್ಡ ಹತ್ತಬೇಕು. ಈಗ ರಿಜಿಸ್ಟರ್ ಪೋಸ್ಟನ್ನು ಸ್ಪೀಡ್ ಪೋಸ್ಟಿನ ಜೊತೆ ಸೇರಿಸಿದ್ದಾರೆ, ಆದರೆ ಗುಡ್ಡ ಅಲ್ಲೇ ಇದೆ. ಇನ್ನೊಬ್ಬರು ಬರೆದಿದ್ದರು: "ನೆಟ್‌ವರ್ಕ್ ಇಲ್ಲ, ದರೆ ಮೇಲೆ ಹೋಗಿ ಎಂಟ್ರಿ ಮಾಡಿದೆ." ಇದು ಆ ಪುಸ್ತಕದಲ್ಲಿ ವಾರಕ್ಕೆ ಎರಡು ಮೂರು ಸಲ ಬರುತ್ತದೆ.

ಎಲ್ಲಕ್ಕಿಂತ ಜಾಸ್ತಿ ಕಂಡದ್ದು ಸಂಜೆಯ ಕೆಲಸ. 2018ರಲ್ಲಿ ಇಲಾಖೆಯ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಶುರುವಾದ ಮೇಲೆ ನಾವು ಬ್ಯಾಂಕೂ ಆದೆವು. 2023ರಲ್ಲಿ ಗೃಹಲಕ್ಷ್ಮಿ ಬಂದಾಗ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಸರಿ ಇಲ್ಲದ ಹೆಂಗಸರು ನಮ್ಮ ಹತ್ತಿರ ಬಂದು ಖಾತೆ ತೆರೆದರು. 2,000 ಬಂತಾ ಅಂತ ನೋಡಲು ಬರುವವರು, ತೆಗೆಯಲು ಬರುವವರು. ಅವರು ಹಗಲು ಕೂಲಿಗೆ ಹೋಗುವವರು, ಸಂಜೆಯೇ ಬರುವುದು. ಜಗುಲಿಯೇ ಆಫೀಸು ಆದಾಗ ಬಾಗಿಲು ಹಾಕಿದೆ ಅಂತ ಹೇಳುವುದು ಹೇಗೆ? ಹೇಳಲೂ ಬಾರದು. ಆ ಕೆಲಸ ನನಗೆ ಇಷ್ಟ. ಅದು ಕೆಲಸ ಅಂತ ಲೆಕ್ಕಕ್ಕೆ ಬರಲಿ ಅನ್ನುವುದಷ್ಟೇ ನಾವು ಕೇಳುತ್ತಿರುವುದು.

ಖಜಾಂಚಿಯಾಗಿ ಒಂದು ಮಾತು. 2023ರ ಏಪ್ರಿಲ್‌ನಲ್ಲಿ ಅಂಚೆ ನೌಕರರ ಸಂಘಗಳ ಒಕ್ಕೂಟವಾದ ಎನ್‌ಎಫ್‌ಪಿಇ ಮತ್ತು ಅದರ ಗ್ರೂಪ್ ಸಿ ಸಂಘದ ಮಾನ್ಯತೆಯನ್ನು ಇಲಾಖೆ ರದ್ದು ಮಾಡಿತು. ಸಂಘದ ಹಣವನ್ನು ಹೊರಗಿನ ಸಂಘಟನೆಗಳಿಗೆ ಕೊಟ್ಟರು ಅನ್ನುವುದು ಮುಖ್ಯ ಆರೋಪ. ಅದರ ಸರಿ ತಪ್ಪಿನ ಚರ್ಚೆ ಬೇರೆ. ಮಾನ್ಯತೆ ಇಲ್ಲದ ಸಂಘವನ್ನು ಯಾರೂ ಮಾತಿಗೆ ಕರೆಯುವುದಿಲ್ಲ ಅನ್ನುವುದಂತೂ ಆವತ್ತು ಎಲ್ಲರಿಗೂ ಅರ್ಥವಾಯಿತು. ಹಾಗಾಗಿ ಚಹಾ ಖರ್ಚಿಗೂ ರಸೀದಿ ಇಡುತ್ತಿದ್ದೇನೆ. ಪ್ರತಿ ಸಭೆಯಲ್ಲಿ ಲೆಕ್ಕ ಓದುತ್ತೇನೆ. ಯಾರು ಬೇಕಾದರೂ ಪುಸ್ತಕ ಕೇಳಿ ನೋಡಬಹುದು. ಮುಷ್ಕರ ನಿಧಿ ಬೇರೆ ಖಾತೆಯಲ್ಲಿದೆ. ಈ ಭತ್ಯೆ ಬಿಟ್ಟರೆ ಬೇರೆ ದಾರಿ ಇಲ್ಲದ ಸದಸ್ಯರ ಮನೆಯವರಿಗೆ ಅದು ಮೊದಲು ಅಂತ ಠರಾವು ಮಾಡಿದ್ದೇವೆ.

ನಮ್ಮ ತಾಲೂಕಿನ ಸದಸ್ಯರಿಗೆ: ಸಂಬಳದಿಂದ ಚಂದಾ ಕಡಿತಕ್ಕೆ ಒಪ್ಪಿಗೆ ಪತ್ರ ಇನ್ನೂ ಕೊಡದವರು ಈ ತಿಂಗಳೊಳಗೆ ಕೊಡಿ. ಸಹಿ ಜೊತೆಗೆ ಹೆಸರು, ಬ್ರಾಂಚ್ ಆಫೀಸು, ಅಕೌಂಟ್ ಆಫೀಸು ಸರಿಯಾಗಿ ಬರೆಯಿರಿ. ಒಂದೇ ಅಕ್ಷರ ತಪ್ಪಿದರೂ ಸದಸ್ಯರ ಎಣಿಕೆಯಲ್ಲಿ ಬಿಟ್ಟುಹೋಗಬಹುದು. ಡಿವಿಷನ್ ಮಟ್ಟದ ಮಾತುಕತೆಗೆ ಹೋಗುವ ತಂಡದಲ್ಲಿ ಈ ಸಲ ಇಬ್ಬರು ಸಹಾಯಕ ಬಿಪಿಎಂ ಹೆಂಗಸರು ಇರಬೇಕು ಅಂತ ನಿರ್ಧಾರ ಆಗಿದೆ. ಒಂದು ಹೆಸರು ಸಿಕ್ಕಿದೆ. ಇನ್ನೊಂದು ಬೇಕು. ಮಾತಾಡಲು ಬರಲ್ಲ ಅಂತ ಹಿಂದೆ ಸರಿಯಬೇಡಿ, ಪಕ್ಕದಲ್ಲಿ ನಾನು ಕೂತಿರುತ್ತೇನೆ.